ನಮ್ಮ ಕಾಲದಲ್ಲೂ ಇದ್ದರು

ಆಟಿಸಂ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಸುತ್ತ ಕೂತವರಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: ‘ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು ರೀ?’ ಕೇಳಲು ಪ್ರಶ್ನೆಯಂತಿದ್ದರೂ ಇದು ಆಗಲೇ ಬರೆದಿಟ್ಟ ತೀರ್ಪು. ಬೆನ್ನಿಗೇ ಆರೋಪಿಗಳ ಪಟ್ಟಿ ಹೊರಬೀಳುತ್ತದೆ. ಮೊಬೈಲು, ಲಸಿಕೆ, ಪ್ಯಾಕೆಟ್ ತಿಂಡಿ, ಅಜ್ಜ-ಅಜ್ಜಿ ಇಲ್ಲದ ಮನೆ. ಕೊನೆಗೆ, ದನಿ ಸ್ವಲ್ಪ ತಗ್ಗಿಸಿ, ಕೆಲಸಕ್ಕೆ ಹೋಗುವ ತಾಯಿ. ಗಮನ ನಿಲ್ಲದ, ಕೂತಲ್ಲಿ ಕೂರಲಾಗದ ತೊಂದರೆಯಾದ ಎಡಿಎಚ್‌ಡಿ ವಿಷಯಕ್ಕೆ ಇಷ್ಟು ವಿಚಾರಣೆಯೂ ಬೇಕಿಲ್ಲ. ‘ಮೇಷ್ಟ್ರು ಎರಡು ಬಿಟ್ಟಿದ್ರೆ ಎಲ್ಲ ಸರಿಹೋಗ್ತಿತ್ತು’ ಎಂಬಲ್ಲಿಗೆ ಕಲಾಪ ಮುಕ್ತಾಯ.

ಕಟ್ಟೆಯ ಮೇಲಿನ ಹರಟೆ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಇದೇ ಮಾತು ಈಗ ಅಧಿಕಾರದ ಪೀಠದಿಂದಲೇ ಬರುತ್ತಿದೆ. ಅಮೆರಿಕದ ಆರೋಗ್ಯ ಸಚಿವ ರಾಬರ್ಟ್ ಎಫ್. ಕೆನಡಿ ಜೂನಿಯರ್ 2025ರ ಏಪ್ರಿಲ್‌ನಲ್ಲಿ ಆಟಿಸಂ ಒಂದು ಪಿಡುಗಿನಂತೆ ಹಬ್ಬುತ್ತಿದೆ ಎಂದರು; ಸೆಪ್ಟೆಂಬರ್ ಹೊತ್ತಿಗೆ ಕಾರಣ ತಿಳಿಯುತ್ತದೆ ಎಂದು ಗಡುವನ್ನೂ ಕೊಟ್ಟರು. ನೂರಾರು ವಿಜ್ಞಾನಿಗಳು ದಶಕಗಟ್ಟಲೆ ಹುಡುಕುತ್ತಿರುವುದನ್ನು ಐದು ತಿಂಗಳಲ್ಲಿ ಹುಡುಕಿಕೊಡುವ ಭರವಸೆ! ಸೆಪ್ಟೆಂಬರ್ 22ರಂದು ಅಧ್ಯಕ್ಷ ಟ್ರಂಪ್ ಅವರೇ ಮುಂದೆ ನಿಂತು, ಬಸುರಿಯರು ಟೈಲೆನಾಲ್ ನುಂಗಬೇಡಿ ಎಂದು ಎಚ್ಚರಿಸಿದರು. ಟೈಲೆನಾಲ್ ಎಂದರೆ ಪ್ಯಾರಾಸಿಟಮಾಲ್. ನಮ್ಮ ಮನೆಗಳ ಡೋಲೋ, ಕ್ರೋಸಿನ್. ಮರುದಿನ ಬೆಳಗಾಗುವಷ್ಟರಲ್ಲಿ ಆ ವಿಡಿಯೊ ನಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲಿತ್ತು. ಸ್ವೀಡನ್ನಿನಲ್ಲಿ 1995ರಿಂದ 2019ರವರೆಗೆ ಹುಟ್ಟಿದ 24 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿ 2024ರಲ್ಲಿ ಪ್ರಕಟಿಸಿದ ಅಧ್ಯಯನ ಆ ವಿಡಿಯೊದ ಜೊತೆ ಬರಲಿಲ್ಲ. ಒಂದೇ ತಾಯಿ ಒಂದು ಬಸುರಿನಲ್ಲಿ ಮಾತ್ರೆ ತೆಗೆದುಕೊಂಡು, ಇನ್ನೊಂದರಲ್ಲಿ ತೆಗೆದುಕೊಳ್ಳದೆ ಹೆತ್ತ ಮಕ್ಕಳನ್ನು ಹೋಲಿಸಿದಾಗ ಮಾತ್ರೆಗೂ ಆಟಿಸಂಗೂ ಎಡಿಎಚ್‌ಡಿಗೂ ಇದ್ದಂತೆ ಕಂಡ ನಂಟು ಕಾಣೆಯಾಯಿತು ಎಂದು ಅದು ಹೇಳುತ್ತದೆ.

ನನ್ನ ವಾದ ಇಷ್ಟು. ರೋಗನಿರ್ಣಯಗಳು ಏರಿವೆ, ನಿಜ. ಆದರೆ ಏರಿಕೆಯ ಬಹುಪಾಲು ಬಂದಿರುವುದು ನಾವು ಅಳೆಯುವ ಗೆರೆ ಬದಲಾದದ್ದರಿಂದ, ಆಸ್ಪತ್ರೆಯ ಬಾಗಿಲು ತೆರೆದದ್ದರಿಂದ, ಶಾಲೆ ಎಲ್ಲ ಮಕ್ಕಳನ್ನೂ ಒಳಗೆ ಕೂರಿಸಿಕೊಂಡದ್ದರಿಂದ. ಮಕ್ಕಳು ಕೆಡುತ್ತಿದ್ದಾರೆ, ಕೆಡಿಸುತ್ತಿರುವವರು ಹೆತ್ತವರು ಎಂಬ ಮಾತಿಗೆ ಪುರಾವೆ ಇಲ್ಲ. ಪುರಾವೆ ಇಲ್ಲದೆಯೂ ಅದು ದಿನಾ ಹಾನಿ ಮಾಡುತ್ತಿದೆ.

ಮೊದಲು ಎಲ್ಲರನ್ನೂ ಹೆದರಿಸಿದ ಅಂಕಿಯನ್ನೇ ನೋಡೋಣ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ಕೆಲವು ಆಯ್ದ ಪ್ರದೇಶಗಳಲ್ಲಿ 8 ವರ್ಷದ ಮಕ್ಕಳ ಶಾಲಾ, ವೈದ್ಯಕೀಯ ದಾಖಲೆ ತೆಗೆದು ಲೆಕ್ಕ ಹಾಕುತ್ತದೆ. 2000ರಲ್ಲಿ 150 ಮಕ್ಕಳಿಗೆ ಒಬ್ಬರು. 2022ರಲ್ಲಿ 31ಕ್ಕೆ ಒಬ್ಬರು. ಈ ಎರಡು ಸಂಖ್ಯೆ ಪಕ್ಕಪಕ್ಕ ಇಟ್ಟರೆ ಎಂಥವರ ಎದೆಯೂ ಝಲ್ಲೆನ್ನಬೇಕು. ಆದರೆ ಅದೇ 2022ರ ವರದಿಯ ಒಳಗೆ ಇನ್ನೊಂದು ಜೋಡಿ ಇದೆ, ಅದನ್ನು ಯಾವ ಸಚಿವರೂ ಓದಿ ಹೇಳುವುದಿಲ್ಲ. ಟೆಕ್ಸಸ್‌ನ ಗಡಿ ಪಟ್ಟಣ ಲರೇಡೋದಲ್ಲಿ 1000 ಮಕ್ಕಳಿಗೆ 9.7, ಕ್ಯಾಲಿಫೋರ್ನಿಯಾದ ಕೇಂದ್ರದಲ್ಲಿ 1000ಕ್ಕೆ 53.1. ಒಂದೇ ದೇಶ, ಒಂದೇ ವರ್ಷ, ಒಂದೇ ವಯಸ್ಸು; ವ್ಯತ್ಯಾಸ ಐದು ಪಟ್ಟಿಗೂ ಮಿಕ್ಕಿ. ಲರೇಡೋದ ಮಕ್ಕಳಿಗೆ ಲಸಿಕೆ ಹಾಕುವುದಿಲ್ಲವೆ? ಅಲ್ಲಿ ಮೊಬೈಲ್ ಇಲ್ಲವೆ? ಎಲ್ಲ ಇದೆ. ಕ್ಯಾಲಿಫೋರ್ನಿಯಾದ ಆ ಭಾಗದಲ್ಲಿ ಮಕ್ಕಳ ವೈದ್ಯರಿಗೆ ಬೇಗ ಗುರುತಿಸಲು ತರಬೇತಿ ಕೊಟ್ಟಿದ್ದಾರೆ, ಗುರುತಿಸಿದ ಮೇಲೆ ಕಳಿಸಲು ಸರ್ಕಾರದ ಹಣದಿಂದ ನಡೆಯುವ ಕೇಂದ್ರಗಳಿವೆ. ಲರೇಡೋದಲ್ಲಿ ಬಡತನವಿದೆ. ಊರಿಗೆ ಕಣ್ಣಿನ ಶಿಬಿರ ಬಂದ ದಿನ ಪೊರೆ ಬಂದವರ ಸಂಖ್ಯೆ ಸೊನ್ನೆಯಿಂದ ನಲವತ್ತಕ್ಕೆ ಏರಿದರೆ, ಶಿಬಿರವೇ ಪೊರೆ ತಂದಿತು ಎಂದು ಯಾರೂ ಹೇಳುವುದಿಲ್ಲ.

ಇದೇ ಎಣಿಕೆಯಲ್ಲಿ ವರ್ಷಗಟ್ಟಲೆ ಬಿಳಿಯ ಮಕ್ಕಳ ಪ್ರಮಾಣ ಹೆಚ್ಚಿತ್ತು. 2020ರ ಲೆಕ್ಕದಲ್ಲಿ ಮೊದಲ ಬಾರಿಗೆ ಕಪ್ಪು, ಹಿಸ್ಪಾನಿಕ್, ಏಷ್ಯನ್ ಮಕ್ಕಳು ಅವರನ್ನು ದಾಟಿದರು. ಮೈಬಣ್ಣ ನೋಡಿ, ಇಪ್ಪತ್ತು ವರ್ಷ ಒಬ್ಬರನ್ನು ಹಿಡಿದು ಆಮೇಲೆ ಇನ್ನೊಬ್ಬರ ಕಡೆ ತಿರುಗುವ ವಿಷ ಯಾವುದು? ಅಂಥ ವಿಷ ಇಲ್ಲ. ಅಂಥ ಆರೋಗ್ಯ ವ್ಯವಸ್ಥೆ ಇದೆ.

ಈಗ ಗೆರೆಯ ವಿಷಯ. 1943ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ಲಿಯೋ ಕ್ಯಾನರ್ ಆಟಿಸಂ ಬಗ್ಗೆ ಪ್ರಸಿದ್ಧ ಲೇಖನ ಬರೆದಾಗ ಅವರ ಮುಂದಿದ್ದದ್ದು 11 ಮಕ್ಕಳು. ಮೊದಲನೆಯವನು ಮಿಸಿಸಿಪಿಯ ಫಾರೆಸ್ಟ್ ಎಂಬ ಸಣ್ಣ ಊರಿನ ಡೊನಾಲ್ಡ್ ಟ್ರಿಪ್ಲೆಟ್. ತಂದೆ ವಕೀಲರು, ತಾಯಿಯದು ಬ್ಯಾಂಕ್ ನಡೆಸುವ ಮನೆತನ. ಮಗನ ವರ್ತನೆಯನ್ನು ವಿವರಿಸಿ ತಂದೆ ಕ್ಯಾನರ್‌ಗೆ ಬರೆದ ಪತ್ರ 33 ಪುಟದ್ದು. ಉಳಿದ ಮಕ್ಕಳ ಮನೆಯವರೂ ಹೆಚ್ಚೂಕಡಿಮೆ ಹೀಗೇ ಓದಿದವರು, ಅನುಕೂಲಸ್ಥರು. ಇದನ್ನು ಕಂಡು ಕ್ಯಾನರ್, ಇದು ಬುದ್ಧಿವಂತರ ಮನೆಯ ಕಾಯಿಲೆಯೇನೋ ಎಂಬ ಗುಮಾನಿಗೆ ಬಿದ್ದರು. 33 ಪುಟ ಬರೆದು, ರೈಲು ಹತ್ತಿ ಬಾಲ್ಟಿಮೋರ್‌ವರೆಗೆ ಬರಬಲ್ಲವರ ಮಕ್ಕಳು ಮಾತ್ರ ತನ್ನ ಕೋಣೆಗೆ ತಲುಪುತ್ತಿದ್ದಾರೆ ಎಂಬುದು ಅವರಿಗೆ ಹೊಳೆಯಲಿಲ್ಲ. ಹತ್ತಿಯ ಹೊಲದಲ್ಲಿ ದುಡಿಯುವ ಕಪ್ಪು ಕೂಲಿಯವಳ ಮಗ ಡೊನಾಲ್ಡ್‌ನಂತೆಯೇ ಇದ್ದಿದ್ದರೆ, ಅವನ ಪತ್ರ ಬರೆಯುವವರು ಯಾರು?

ಡೊನಾಲ್ಡ್‌ನ ಕಥೆ ಅಲ್ಲಿಗೆ ಮುಗಿಯದು. ವೈದ್ಯರ ಸಲಹೆಯಂತೆ ಅವನನ್ನು ಎಳವೆಯಲ್ಲೇ ಒಂದು ಸಂಸ್ಥೆಗೆ ಸೇರಿಸಿದ್ದರು. ಸುಮಾರು ಒಂದು ವರ್ಷದ ನಂತರ ಹೆತ್ತವರು ವಾಪಸ್ ಕರೆತಂದರು. ಮುಂದೆ ಹಳ್ಳಿಯ ಒಬ್ಬ ರೈತ ದಂಪತಿಯ ಬಳಿ ಬಿಟ್ಟರು. ಹುಡುಗನಿಗೆ ಎಣಿಸುವ ಹುಚ್ಚು, ಅಳೆಯುವ ಹುಚ್ಚು. ರೈತ ಅವನನ್ನು ಗದರಿಸಲಿಲ್ಲ. ಉಳುಮೆಗೆ ಹಚ್ಚಿ ಜೋಳದ ಸಾಲು ಎಣಿಸಲು ಬಿಟ್ಟ. ಬಾವಿ ತೋಡಿಸಿ ಆಳ ಅಳೆಯಲು ಹೇಳಿದ. 1945ರಲ್ಲಿ ಕ್ಯಾನರ್ ಸ್ವತಃ ಆ ಹೊಲಕ್ಕೆ ಹೋಗಿ ನೋಡಿ, ಆ ದಂಪತಿಯ ಜಾಣತನಕ್ಕೆ ತಲೆದೂಗಿದರು. ಡೊನಾಲ್ಡ್ ಕಾಲೇಜು ಮುಗಿಸಿ, ಊರಿನ ಬ್ಯಾಂಕಿನಲ್ಲಿ ಕೆಲಸ ಮಾಡಿ, ಗಾಲ್ಫ್ ಆಡಿಕೊಂಡು, ದೇಶ ಸುತ್ತಿ, 2023ರಲ್ಲಿ 89ನೇ ವಯಸ್ಸಿನಲ್ಲಿ ತೀರಿಕೊಂಡರು. ತಂದೆ ಆ ಪತ್ರ ಬರೆಯದಿದ್ದರೆ ಅವರು ಯಾವ ದಾಖಲೆಯಲ್ಲೂ ಇರುತ್ತಿರಲಿಲ್ಲ. ಊರವರ ಪಾಲಿಗೆ ‘ಸ್ವಲ್ಪ ಬೇರೆ ಥರದವರು’ ಆಗಿ ಬಾಳಿ ಹೋಗುತ್ತಿದ್ದರು.

ಇಂಥವರು ನಮ್ಮ ಊರುಗಳಲ್ಲಿ ಇರಲಿಲ್ಲವೆ? ಬಸ್ ಸ್ಟ್ಯಾಂಡಿನಲ್ಲಿ ನಿಂತು ಯಾವ ಬಸ್ಸು ಎಷ್ಟು ಗಂಟೆಗೆ ಎಂದು ಒಂದೂ ತಪ್ಪದೆ ಹೇಳುತ್ತಿದ್ದವನು, ತಾರೀಖು ಕೊಟ್ಟರೆ ವಾರ ಹೇಳುತ್ತಿದ್ದವನು, ದನ ಮೇಯಿಸಲು ಮಾತ್ರ ಲಾಯಕ್ಕು ಎಂದು ಮೂರನೇ ಇಯತ್ತೆಗೇ ಬಿಡಿಸಿದವನು, ನೆಂಟರು ಬಂದಾಗ ಒಳಮನೆಯಲ್ಲಿ ಕೂಡಿಹಾಕುತ್ತಿದ್ದ ಹುಡುಗಿ. ಅವರಿಗೆಲ್ಲ ಹೆಸರುಗಳಿದ್ದವು: ಮಂಕ, ಪೆದ್ದ, ಮೂಕಿ, ಅರೆಮರುಳ. ಹರಕೆ ಹೊತ್ತು ದೇವಸ್ಥಾನದ ಕಂಬ ಸುತ್ತಿಸಿದ್ದೂ ಇದೆ, ಕಂಬಕ್ಕೆ ಕಟ್ಟಿದ್ದೂ ಇದೆ. ‘ನಮ್ಮ ಕಾಲದಲ್ಲಿ ಇರಲಿಲ್ಲ’ ಎನ್ನುವವರು ತಮ್ಮ ಕೇರಿಯ ಮನೆಗಳನ್ನು ಒಂದೊಂದಾಗಿ ನೆನಪಿಸಿಕೊಳ್ಳಲಿ. ನಾಲ್ಕನೇ ಮನೆ ದಾಟುವಷ್ಟರಲ್ಲಿ ಯಾರಾದರೊಬ್ಬರು ನೆನಪಾಗುತ್ತಾರೆ.

ಕ್ಯಾನರ್ ಎಳೆದ ಗೆರೆ ಬಹಳ ಕಿರಿದು. ಆ ಗೆರೆಯನ್ನೇ ಹಿಡಿದು 1966ರಲ್ಲಿ ವಿಕ್ಟರ್ ಲಾಟರ್ ಇಂಗ್ಲೆಂಡಿನ ಮಿಡ್ಲ್‌ಸೆಕ್ಸ್‌ನಲ್ಲಿ ಎಣಿಸಿದಾಗ 10,000ಕ್ಕೆ 4.5 ಮಕ್ಕಳು ಸಿಕ್ಕರು. 1979ರಲ್ಲಿ ಲೋರ್ನಾ ವಿಂಗ್ ಮತ್ತು ಜುಡಿತ್ ಗೌಲ್ಡ್ ಲಂಡನ್ನಿನ ಕ್ಯಾಂಬರ್‌ವೆಲ್‌ನಲ್ಲಿ ಲಕ್ಷಣಗಳನ್ನು ಸ್ವಲ್ಪ ವಿಶಾಲವಾಗಿ ನೋಡಿದರು: 10,000ಕ್ಕೆ 21. ಹದಿಮೂರು ವರ್ಷದಲ್ಲಿ ಲಂಡನ್ನಿನ ಗಾಳಿ ಕೆಟ್ಟು ಹೀಗಾಯಿತು ಎಂದು ಯಾರೂ ಅನ್ನಲಿಲ್ಲ, ಯಾಕೆಂದರೆ ಗೆರೆ ಸರಿಸಿದ್ದು ಎಲ್ಲರ ಕಣ್ಣೆದುರೇ ಇತ್ತು. (ವಿಂಗ್ ಅವರ ಮಗಳಿಗೂ ಆಟಿಸಂ ಇತ್ತು. ಮನೆಯೊಳಗೆ ನೋಡಿದವರ ಕಣ್ಣು ಬೇರೆಯೇ.) ಆಮೇಲೆ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್ಎಂ 1987ರಲ್ಲಿ ಗೆರೆ ಹಿಗ್ಗಿಸಿತು, 1994ರಲ್ಲಿ ಆಸ್ಪರ್ಗರ್ ಲಕ್ಷಣಕೂಟವನ್ನು ಸೇರಿಸಿತು, 2013ರಲ್ಲಿ ಎಲ್ಲವನ್ನೂ ಒಂದೇ ವ್ಯಾಪ್ತಿಯೊಳಗೆ ತಂದಿತು. 2013ರವರೆಗೆ ಆ ಕೈಪಿಡಿಯ ಪ್ರಕಾರ ಒಂದೇ ಮಗುವಿಗೆ ಆಟಿಸಂ ಮತ್ತು ಎಡಿಎಚ್‌ಡಿ ಎರಡನ್ನೂ ಬರೆಯುವಂತೆಯೇ ಇರಲಿಲ್ಲ. ಹಿಂದಿನ ದಿನ ಒಂದು ಹೆಸರು, ಮರುದಿನ ಎರಡು. ಮಗು ಮಾತ್ರ ಅದೇ.

ಡೆನ್ಮಾರ್ಕ್‌ನಲ್ಲಿ ಇದನ್ನು ಅಳೆದೇ ನೋಡಿದ್ದಾರೆ. ಆ ದೇಶದಲ್ಲಿ 1994ರಲ್ಲಿ ರೋಗನಿರ್ಣಯದ ಮಾನದಂಡ ಬದಲಾಯಿತು. 1995ರಿಂದ ಹೊರರೋಗಿಗಳ ದಾಖಲೆಯೂ ರಾಷ್ಟ್ರೀಯ ನೋಂದಣಿಗೆ ಸೇರಿತು. 1980ರಿಂದ 1991ರವರೆಗೆ ಹುಟ್ಟಿದವರಲ್ಲಿ ಕಂಡ ಏರಿಕೆಯ 60% ಈ ಎರಡು ಕಚೇರಿ ಬದಲಾವಣೆಗಳಿಂದಲೇ ಆದದ್ದು ಎಂದು 2015ರ ಅಧ್ಯಯನ ಲೆಕ್ಕ ಹಾಕಿತು. ಅದೇ ವರ್ಷ ಸ್ವೀಡನ್ನಿನ ಸಂಶೋಧಕರು ಇನ್ನೂ ಜಾಣ ಕೆಲಸ ಮಾಡಿದರು. ಹತ್ತು ವರ್ಷಗಳಲ್ಲಿ ಹುಟ್ಟಿದ ಅವಳಿ ಮಕ್ಕಳ ತಂದೆತಾಯಿಗಳಿಗೆ ಫೋನು ಮಾಡಿ ಒಂದೇ ಪ್ರಶ್ನಾವಳಿಯಿಂದ ಲಕ್ಷಣಗಳನ್ನು ಕೇಳಿದರು. ಲಕ್ಷಣಗಳ ಪ್ರಮಾಣ ವರ್ಷದಿಂದ ವರ್ಷಕ್ಕೆ ಇದ್ದಲ್ಲೇ ಇತ್ತು. ಆಸ್ಪತ್ರೆಯ ನೋಂದಣಿಯಲ್ಲಿ ಮಾತ್ರ ಆಟಿಸಂ ಏರುತ್ತಲೇ ಹೋಗಿತ್ತು.

ದಕ್ಷಿಣ ಕೊರಿಯಾದ ಗೊಯಾಂಗ್ ನಗರದಲ್ಲಿ ಶಾಲೆಗಳಿಗೇ ಹೋಗಿ ಹುಡುಕಿದಾಗ 2.64% ಮಕ್ಕಳಲ್ಲಿ ಆಟಿಸಂ ಸಿಕ್ಕಿತು; 2011ರ ಆ ವರದಿಯ ಪ್ರಕಾರ ಮೂರರಲ್ಲಿ ಎರಡು ಪಾಲು ಮಕ್ಕಳು ಸಾಮಾನ್ಯ ಶಾಲೆಯ ಬೆಂಚಿನ ಮೇಲೆ, ಯಾವ ಹೆಸರೂ ಯಾವ ನೆರವೂ ಇಲ್ಲದೆ ಕೂತಿದ್ದರು.

ನಮ್ಮಲ್ಲಿ ಆದದ್ದೇನು? 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ವೈಕಲ್ಯಗಳಿದ್ದವು, ಆಟಿಸಂ ಇರಲಿಲ್ಲ. ಹಾಗಾಗಿ ಸರ್ಟಿಫಿಕೇಟು ಬೇಕೆಂದರೆ ‘ಬುದ್ಧಿಮಾಂದ್ಯ’ ಎಂದು ಬರೆಸಿಕೊಳ್ಳಬೇಕಿತ್ತು. ಎಷ್ಟು ಮನೆಗಳಲ್ಲಿ ಈ ಕಾಗದ ಹಿಡಿದು ಬಂದ ತಾಯಿ ಅದನ್ನು ಬೀರುವಿನ ತಳದಲ್ಲಿ ಬಚ್ಚಿಟ್ಟಳೋ! 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಆಟಿಸಂ ಹೆಸರು ಬಂತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ವೈಕಲ್ಯಗಳನ್ನು 21ಕ್ಕೆ ಏರಿಸಿ, ಆಟಿಸಂ ಮತ್ತು ನಿರ್ದಿಷ್ಟ ಕಲಿಕಾ ತೊಂದರೆ ಎರಡನ್ನೂ ಸೇರಿಸಿತು. ಈಗ ಸರ್ಟಿಫಿಕೇಟಿಗಾಗಿ ಅಳೆಯಲು ಭಾರತದ್ದೇ ಆದ ‘ಇಸಾ’ ಎಂಬ ಮಾಪಕವಿದೆ. 40 ಅಂಶ, ಪ್ರತಿ ಅಂಶಕ್ಕೆ 1ರಿಂದ 5 ಅಂಕ. ಮೊತ್ತ 70 ಮುಟ್ಟಿದರೆ ಆಟಿಸಂ. ಮೇಜಿನ ಆ ಕಡೆ ಕೂತವರು ಕೇಳುತ್ತಾರೆ: ಹೆಸರು ಹಿಡಿದು ಕೂಗಿದರೆ ತಿರುಗ್ತಾನಾ? ಕಣ್ಣಲ್ಲಿ ಕಣ್ಣಿಟ್ಟು ನೋಡ್ತಾನಾ? ನೀವು ಹೇಳಿದ್ದನ್ನೇ ವಾಪಸ್ ಹೇಳ್ತಾನಾ? ತಾಯಿ ಅಂತಾಳೆ: ‘ಇಲ್ಲ ಸಾರ್, ನೀರು ಬೇಕಾದ್ರೆ ಬಾಯಿಬಿಟ್ಟು ಕೇಳಲ್ಲ, ನನ್ನ ಕೈ ಹಿಡ್ಕೊಂಡು ಬಿಂದಿಗೆ ಹತ್ರ ಎಳ್ಕೊಂಡು ಹೋಗ್ತಾನೆ.’ ಅಷ್ಟು ಹೊತ್ತೂ ಮಗು ಆಟದ ಕಾರನ್ನು ನೆಲದ ಮೇಲೆ ಓಡಿಸದೆ, ಮಗುಚಿಟ್ಟು, ಒಂದು ಚಕ್ರವನ್ನೇ ತಿರುಗಿಸುತ್ತಾ ಕೂತಿರುತ್ತದೆ. ಈ ಎಣಿಕೆ ಹುಟ್ಟುವುದು ಇಂಥ ಕೋಣೆಗಳಲ್ಲಿ. ಕೋಣೆ ಇಲ್ಲದ ಜಿಲ್ಲೆಯಲ್ಲಿ ಎಣಿಕೆಯೂ ಇಲ್ಲ.

ಇನ್ನೊಂದು ದೊಡ್ಡ ಕಾರಣವನ್ನು ನಾವು ನೆನೆಯುವುದೇ ಇಲ್ಲ: 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ. ಹಿಂದೆ ಕೂರಲಾರದ, ಬರೆಯಲಾರದ, ಪಕ್ಕದವನನ್ನು ಬಿಡದೆ ಕಾಡುವ ಹುಡುಗ ಎರಡು ಸಲ ಫೇಲಾಗಿ ಶಾಲೆ ಬಿಡುತ್ತಿದ್ದ. ಗ್ಯಾರೇಜು, ಹೋಟೆಲು, ಗದ್ದೆ ಎಲ್ಲೋ ಒಂದು ಕಡೆ ಸೇರಿಕೊಳ್ಳುತ್ತಿದ್ದ. ಅಲ್ಲಿ ಅವನ ಚುರುಕುತನ ಕೆಲಸಕ್ಕೂ ಬರುತ್ತಿತ್ತು. ಈಗ ಅವನು ಎಂಟನೇ ತರಗತಿಯವರೆಗೆ ನಲವತ್ತು ನಿಮಿಷದ ಪೀರಿಯಡ್ಡುಗಳಲ್ಲಿ ಕೂರಲೇಬೇಕು. ಕೂರಲಾರದವನು ಮೊದಲ ಬಾರಿಗೆ ಎಲ್ಲರ ಕಣ್ಣಿಗೆ ಬೀಳುತ್ತಿದ್ದಾನೆ. ಹೀಗೆ ಬೆಳಕಿಗೆ ಬಂದದ್ದನ್ನು ನಾವು ರೋಗ ಹಬ್ಬಿತು ಎಂದು ಓದುತ್ತಿದ್ದೇವೆ.

ಎಡಿಎಚ್‌ಡಿ ಕೂಡ ಮೊನ್ನೆ ಹುಟ್ಟಿದ್ದಲ್ಲ. 1902ರಲ್ಲೇ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟಿದ್ದರು. ಬ್ರೆಜಿಲ್‌ನ ಪೊಲಾನ್‌ಜಿಕ್ ಮತ್ತು ಸಂಗಡಿಗರು ಮೂರು ದಶಕಗಳ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಜಾಲಾಡಿ 2014ರಲ್ಲಿ ಹೇಳಿದ್ದು: ಒಂದೇ ಮಾನದಂಡದಿಂದ ಅಳೆದರೆ ಮಕ್ಕಳಲ್ಲಿ ಎಡಿಎಚ್‌ಡಿಯ ನಿಜವಾದ ಪ್ರಮಾಣ ಹೆಚ್ಚಿದೆ ಎನ್ನಲು ಆಧಾರವಿಲ್ಲ. ಹೆಚ್ಚಿದ್ದು ಆಸ್ಪತ್ರೆಗೆ ಬಂದವರ ಸಂಖ್ಯೆ. 2013ರ ಡಿಎಸ್ಎಂನಲ್ಲಿ ಲಕ್ಷಣ ಕಾಣಿಸಿಕೊಳ್ಳಬೇಕಾದ ವಯಸ್ಸಿನ ಮಿತಿಯನ್ನು 7ರಿಂದ 12ಕ್ಕೆ ಏರಿಸಿದರು, ವಯಸ್ಕರಿಗೆ ಆರರ ಬದಲು ಐದು ಲಕ್ಷಣ ಸಾಕೆಂದರು. ಗಲಾಟೆ ಮಾಡದೆ ಕಿಟಕಿಯಾಚೆ ನೋಡುತ್ತಾ ಕೂತಿರುತ್ತಿದ್ದ ಹುಡುಗಿಯರನ್ನು ಹಿಂದೆ ಯಾರೂ ಲೆಕ್ಕಕ್ಕೇ ಹಿಡಿದಿರಲಿಲ್ಲ. ‘ಅವಳಿಗೆ ಓದಿನ ಮೇಲೆ ಗಮನ ಇಲ್ಲ, ಮದುವೆ ಮಾಡಿ’ ಎನ್ನುವುದೇ ಚಿಕಿತ್ಸೆಯಾಗಿತ್ತು. ಅಂಥ ಹುಡುಗಿಯರು ಈಗ ಮೂವತ್ತು, ನಲವತ್ತರ ಹೆಂಗಸರು. ಮಗನನ್ನು ತೋರಿಸಲು ಹೋದಾಗ ಡಾಕ್ಟರು ಕೇಳುವ ಒಂದೊಂದು ಪ್ರಶ್ನೆಯೂ ತನ್ನದೇ ಬಾಲ್ಯದ ಬಗ್ಗೆ ಕೇಳಿದಂತಿದೆಯಲ್ಲ ಎಂದು ಅವರಿಗೆ ಅಲ್ಲಿ ಅನಿಸುತ್ತದೆ. ಅದನ್ನು ಇನ್‌ಸ್ಟಾಗ್ರಾಂ ಫ್ಯಾಷನ್ ಎಂದು ನಗುವುದು ಸುಲಭ.

ಮೊಬೈಲಿಗೆ ಬರೋಣ. ನಮ್ಮ ನಾಡಿನಲ್ಲಿ ಈಗ ಅತಿ ಹೆಚ್ಚು ಚಲಾವಣೆಯಲ್ಲಿರುವ ಸಿದ್ಧಾಂತ ಇದೇ. ರೊಮೇನಿಯಾದ ಮನಶ್ಶಾಸ್ತ್ರಜ್ಞರೊಬ್ಬರು ಹುಟ್ಟುಹಾಕಿದ ‘ವರ್ಚುವಲ್ ಆಟಿಸಂ’ ಎಂಬ ಹೆಸರು ಕೆಲವು ಡಾಕ್ಟರುಗಳ ಬಾಯಲ್ಲೂ ಕುಣಿಯುತ್ತಿದೆ. ಎರಡು ವರ್ಷದೊಳಗಿನ ಮಗುವಿನ ಕೈಗೆ ಮೊಬೈಲ್ ಕೊಡಬಾರದು, ಇದರಲ್ಲಿ ನನಗೆ ತಕರಾರಿಲ್ಲ. ಪರದೆಯ ಮುಂದೆ ಬೆಳೆದ ಮಗುವಿಗೆ ಮಾತು ತಡವಾಗಬಹುದು, ನಿದ್ದೆ ಕೆಡಬಹುದು. ಮೊಬೈಲ್ ಕಿತ್ತುಕೊಂಡ ಎರಡೇ ತಿಂಗಳಲ್ಲಿ ಮಗು ಸರಿಹೋಯಿತು ಎಂದರೆ ಸಂತೋಷ. ಹಾಗಾದರೆ ಅದಕ್ಕಿದ್ದದ್ದು ಆಟಿಸಂ ಆಗಿರಲಿಲ್ಲ. ಆಟಿಸಂ ಇರುವ ಮಗುವಿನ ಮನೆಯವರು ಈ ‘ಪವಾಡ’ದ ಕಥೆ ಕೇಳಿ ಮೊಬೈಲು, ಟೀವಿ ಎಲ್ಲ ಬಂದ್ ಮಾಡಿ ಆರು ತಿಂಗಳು ಕಾಯುತ್ತಾರೆ. ಸರಿಹೋಗುವುದಿಲ್ಲ. ಆಗ ಅವರು ಅನುಮಾನಿಸುವುದು ಸಿದ್ಧಾಂತವನ್ನಲ್ಲ, ತಮ್ಮನ್ನೇ.

ಕಾಲಾನುಕ್ರಮವನ್ನಾದರೂ ನೋಡಬಾರದೆ? 2000ದಲ್ಲಿ ಸಿಡಿಸಿ ಎಣಿಸಿದ 8 ವರ್ಷದ ಮಕ್ಕಳು ಹುಟ್ಟಿದ್ದು 1992ರಲ್ಲಿ. ಆಪಲ್‌ನ ಮೊದಲ ಐಫೋನ್ ಬಂದದ್ದು 2007ರಲ್ಲಿ. ದೆಹಲಿಯಲ್ಲಿ ಮೆರ್ರಿ ಬರುವಾ ತಮ್ಮ ಮಗನಿಗಾಗಿ ಅಲೆದು ಅಲೆದು, ಕೊನೆಗೆ ‘ಆ್ಯಕ್ಷನ್ ಫಾರ್ ಆಟಿಸಂ’ ಶುರುಮಾಡಿದ್ದು 1991ರಲ್ಲಿ. 1999ರಲ್ಲಿ ಆಟಿಸಂ ನಮ್ಮ ಕಾನೂನಿನ ಪುಟಕ್ಕೆ ಬಂದಾಗ ಮೊಬೈಲಿಗೆ ಒಳಬರುವ ಕರೆಗೂ ದುಡ್ಡು ಕೊಡಬೇಕಿತ್ತು. ಕಾಂಗ್ರಾ, ಪಲ್ವಲ್, ಢೇಂಕನಾಲ್, ಉತ್ತರ ಗೋವಾ, ಹೈದರಾಬಾದುಗಳಲ್ಲಿ ಮನೆ ಮನೆಗೆ ಹೋಗಿ 2ರಿಂದ 9 ವರ್ಷದ ಮಕ್ಕಳನ್ನು ಪರೀಕ್ಷಿಸಿ, 100ಕ್ಕೆ ಸುಮಾರು 12 ಮಕ್ಕಳಲ್ಲಿ ಆಟಿಸಂ, ಅಪಸ್ಮಾರ, ಕಿವುಡು ಮುಂತಾದ ಒಂಬತ್ತು ತೊಂದರೆಗಳಲ್ಲಿ ಒಂದಾದರೂ ಇದೆ ಎಂದು ಕಂಡುಕೊಂಡ ಇನ್‌ಕ್ಲೆನ್ ಅಧ್ಯಯನ ಪ್ರಕಟವಾದದ್ದು 2018ರಲ್ಲಾದರೂ, ಮಾಹಿತಿ ಕಲೆಹಾಕಿದ್ದು 2011-12ರಲ್ಲಿ, ಜಿಯೋ ಬರುವುದಕ್ಕೆ ನಾಲ್ಕು ವರ್ಷ ಮೊದಲು.

1994ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಆಸ್ಟರ್‌ಲಿಂಗ್ ಮತ್ತು ಡಾಸನ್ ಮಾಡಿದ ಒಂದು ಅಧ್ಯಯನವನ್ನು ಈ ಮೊಬೈಲ್‌ವಾದಿಗಳಿಗೆಲ್ಲ ತೋರಿಸಬೇಕು. ಮುಂದೆ ಆಟಿಸಂ ಎಂದು ಗೊತ್ತಾದ 11 ಮಕ್ಕಳ, ಸಾಮಾನ್ಯವಾಗಿ ಬೆಳೆದ 11 ಮಕ್ಕಳ, ಮೊದಲ ಹುಟ್ಟುಹಬ್ಬದ ವಿಡಿಯೊ ಕ್ಯಾಸೆಟ್‌ಗಳನ್ನು ಅವರು ಮನೆಯವರಿಂದ ತರಿಸಿಕೊಂಡರು. ಕೇಕು, ಮೇಣದ ಬತ್ತಿ, ಸುತ್ತ ನೆಂಟರು. ನೋಡುವವರಿಗೆ ಯಾವ ಮಗು ಯಾವುದೆಂದು ಹೇಳಿರಲಿಲ್ಲ. ಎದುರಿನವರ ಮುಖ ನೋಡುತ್ತದೆಯೆ, ಹೆಸರು ಕೂಗಿದರೆ ತಿರುಗುತ್ತದೆಯೆ, ಬೆರಳು ಮಾಡಿ ತೋರಿಸುತ್ತದೆಯೆ, ಕೈಯಲ್ಲಿರುವ ವಸ್ತುವನ್ನು ಇನ್ನೊಬ್ಬರಿಗೆ ಎತ್ತಿ ತೋರಿಸುತ್ತದೆಯೆ ಎಂದು ಗುರುತು ಹಾಕುತ್ತಾ ಹೋದರು. ಇಷ್ಟರಿಂದಲೇ ಬಹುತೇಕ ಮಕ್ಕಳನ್ನು ಸರಿಯಾಗಿ ಬೇರ್ಪಡಿಸಲು ಸಾಧ್ಯವಾಯಿತು. ಅಂದರೆ ಮೊದಲ ಕೇಕು ಕತ್ತರಿಸುವ ಹೊತ್ತಿಗೇ ದಾರಿ ಬೇರೆಯಾಗಿತ್ತು. ಕೋಣೆಯಲ್ಲಿ ಒಂದು ಮೊಬೈಲೂ ಇರಲಿಲ್ಲ.

ಲಸಿಕೆಯ ಬಗ್ಗೆ ಹೆಚ್ಚು ಬರೆಯುವುದು ಬೇಡ. 1998ರಲ್ಲಿ 12 ಮಕ್ಕಳನ್ನು ನೋಡಿ ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ ಆಂಡ್ರ್ಯೂ ವೇಕ್‌ಫೀಲ್ಡ್ ಅವರ ಲೇಖನವನ್ನು ‘ಲ್ಯಾನ್ಸೆಟ್’ ಪತ್ರಿಕೆ 2010ರಲ್ಲಿ ಹಿಂದಕ್ಕೆ ಪಡೆಯಿತು, ಬ್ರಿಟನ್ ಅವರ ವೈದ್ಯಕೀಯ ನೋಂದಣಿ ಕಿತ್ತುಹಾಕಿತು. ಡೆನ್ಮಾರ್ಕ್‌ನ 6,57,461 ಮಕ್ಕಳ ಅಧ್ಯಯನ 2019ರಲ್ಲಿ ಯಾವ ನಂಟನ್ನೂ ಕಾಣಲಿಲ್ಲ. ಒಂದು ವಿಷಯವನ್ನಷ್ಟೇ ಸೇರಿಸುತ್ತೇನೆ. ಬಸುರಿನಲ್ಲಿ ರುಬೆಲ್ಲಾ ಸೋಂಕು ತಗುಲಿ ಹುಟ್ಟಿದ 243 ಮಕ್ಕಳನ್ನು ನೋಡಿದ ಸ್ಟೆಲ್ಲಾ ಚೆಸ್ 1971ರಲ್ಲಿ, ಅವರಲ್ಲಿ ಆಟಿಸಂ ಆ ಕಾಲದ ಸಾಮಾನ್ಯ ಪ್ರಮಾಣಕ್ಕಿಂತ ಬಹಳ ಹೆಚ್ಚು ಎಂದು ತೋರಿಸಿದ್ದರು. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಬೆಂಗಳೂರಿನಿಂದಲೇ ಆರಂಭವಾದಾಗ ‘ಹಾಕಿಸಬೇಡಿ’ ಎಂದು ವಾಟ್ಸ್ಆ್ಯಪ್‌ನಲ್ಲಿ ಹಂಚಿದವರು, ಆಟಿಸಂಗೆ ಖಚಿತವಾಗಿ ಗೊತ್ತಿರುವ ಕೆಲವೇ ಕಾರಣಗಳಲ್ಲಿ ಒಂದನ್ನು ತಡೆಯುವ ಸೂಜಿಗೆ ಅಡ್ಡ ಬರುತ್ತಿದ್ದರು.

ಈ ಎಲ್ಲ ಸಿದ್ಧಾಂತಗಳ ಅಡಿಯಲ್ಲಿ ಒಂದು ಹಳೆಯ ಆರೋಪಿ ಇದ್ದೇ ಇರುತ್ತಾಳೆ. ಮೊಬೈಲ್ ಕೊಟ್ಟವಳು ಯಾರು? ಮಾತ್ರೆ ನುಂಗಿದವಳು ಯಾರು? ಲಸಿಕೆಗೆ ಎತ್ತಿಕೊಂಡು ಹೋದವಳು ಯಾರು? ಕ್ಯಾನರ್ ಅವರೇ 1949ರಲ್ಲಿ ಈ ಮಕ್ಕಳ ತಂದೆತಾಯಂದಿರ ‘ತಣ್ಣನೆಯ’ ಸ್ವಭಾವದ ಬಗ್ಗೆ ಬರೆದರು. ‘ಫ್ರಿಜ್ ತಾಯಿ’ ಎಂಬ ಕ್ರೂರ ಮಾತು ಹಾಗೆ ಚಲಾವಣೆಗೆ ಬಂತು. ಷಿಕಾಗೊದ ಮನಶ್ಶಾಸ್ತ್ರಜ್ಞ ಬ್ರೂನೊ ಬೆಟೆಲ್‌ಹೈಮ್ ಅದನ್ನು ಪ್ರಸಿದ್ಧಗೊಳಿಸಿದರು. ಸ್ವತಃ ನಾಜಿ ಶಿಬಿರದಲ್ಲಿದ್ದು ಬಂದಿದ್ದ ಅವರು 1967ರ ತಮ್ಮ ಪುಸ್ತಕದಲ್ಲಿ ಆಟಿಸಂ ಇರುವ ಮಗುವಿನ ಸ್ಥಿತಿಯನ್ನು ಆ ಶಿಬಿರದ ಕೈದಿಯ ಸ್ಥಿತಿಗೆ ಹೋಲಿಸಿದರು. ಹಾಗಾದರೆ ಕಾವಲುಗಾರ ಯಾರು ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಒಂದು ಪೀಳಿಗೆಯ ಅಮೆರಿಕನ್ ತಾಯಂದಿರು ತಮ್ಮ ಮಗುವನ್ನು ತಾವೇ ಹಾಳುಮಾಡಿದೆವೆಂದು ನಂಬಿ ಕೊರಗಿದರು. ಆಟಿಸಂ ಮಗನ ತಂದೆಯೂ ಮನಶ್ಶಾಸ್ತ್ರಜ್ಞರೂ ಆದ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲೇ ಈ ವಾದವನ್ನು ಸೀಳಿಹಾಕಿದ್ದರು. (ಅದೇ ರಿಮ್‌ಲ್ಯಾಂಡ್ ಮುಂದೆ ಲಸಿಕೆ ವಿರೋಧಿಗಳ ಜೊತೆ ಸೇರಿಕೊಂಡದ್ದು ಈ ಇತಿಹಾಸದ ಒಂದು ವಿಪರ್ಯಾಸ.) 1969ರಲ್ಲಿ ಕ್ಯಾನರ್ ಹೆತ್ತವರ ಸಭೆಯೊಂದರಲ್ಲಿ ಎದ್ದು ನಿಂತು, ನಿಮ್ಮನ್ನು ದೋಷಮುಕ್ತರನ್ನಾಗಿಸಿದ್ದೇನೆ ಎಂದರು. ಐದು ದೇಶಗಳ 20 ಲಕ್ಷ ಮಕ್ಕಳ 2019ರ ಅಧ್ಯಯನ, ಆಟಿಸಂ ಯಾರಿಗಿದೆ ಯಾರಿಗಿಲ್ಲ ಎಂಬ ವ್ಯತ್ಯಾಸದಲ್ಲಿ ಸುಮಾರು 80% ಆನುವಂಶಿಕ ಎಂದಿತು. ಕ್ಯಾನರ್ ಬಿಟ್ಟುಕೊಟ್ಟ ಆರೋಪವನ್ನು ನಮ್ಮ ಟೀವಿ ಚರ್ಚೆಗಳು ಇನ್ನೂ ಬಿಟ್ಟುಕೊಟ್ಟಿಲ್ಲ.

ಹಾಗಾದರೆ ನಿಜವಾದ ಏರಿಕೆ ಒಂದಿಷ್ಟೂ ಇಲ್ಲವೆ? ಸ್ವಲ್ಪ ಇರಬಹುದು. ತಂದೆತಾಯಿಯ ವಯಸ್ಸು ಹೆಚ್ಚಿದಂತೆ ಸಂಭವ ಒಂದಿಷ್ಟು ಏರುತ್ತದೆ, ನಾವು ಮದುವೆ ಮಕ್ಕಳು ಎಲ್ಲವನ್ನೂ ಮುಂದೂಡುತ್ತಿದ್ದೇವೆ. ಏಳನೇ ತಿಂಗಳಲ್ಲಿ ಹುಟ್ಟಿದ ಮಗು ಹಿಂದೆ ಉಳಿಯುತ್ತಿರಲಿಲ್ಲ, ಈಗ ಉಳಿಯುತ್ತದೆ. ಅಂಥ ಮಕ್ಕಳಲ್ಲಿ ಎರಡೂ ತೊಂದರೆಗಳು ಹೆಚ್ಚು. ಅಪಸ್ಮಾರಕ್ಕೆ ಕೊಡುವ ವಾಲ್‌ಪ್ರೊಯೇಟ್ ಮಾತ್ರೆಯನ್ನು ಬಸುರಿನಲ್ಲಿ ತೆಗೆದುಕೊಂಡರೆ ಅಪಾಯವಿದೆ ಎಂಬುದೂ ಸಾಬೀತಾಗಿದೆ.

ಎಡಿಎಚ್‌ಡಿಯಲ್ಲಿ ಹೆಸರು ಹಚ್ಚುವ ಆತುರವೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಸೆಪ್ಟೆಂಬರ್ 1ಕ್ಕೆ ವಯಸ್ಸಿನ ಮಿತಿ ಇಟ್ಟಿರುವ ಅಮೆರಿಕದ ರಾಜ್ಯಗಳಲ್ಲಿ, ತರಗತಿಗೇ ಚಿಕ್ಕವರಾದ ಆಗಸ್ಟ್ ಮಕ್ಕಳಿಗೆ, ದೊಡ್ಡವರಾದ ಸೆಪ್ಟೆಂಬರ್ ಮಕ್ಕಳಿಗಿಂತ 34% ಹೆಚ್ಚು ಎಡಿಎಚ್‌ಡಿ ಬರೆಯುತ್ತಾರೆ ಎಂದು 2018ರಲ್ಲಿ ತಿಳಿಯಿತು. ಆಗಸ್ಟ್‌ನಲ್ಲಿ ಹುಟ್ಟಿದ್ದೇ ತಪ್ಪು! ಎಳೆತನವನ್ನೇ ರೋಗವೆಂದು ಓದಿದ್ದು ಇದು. ನಮ್ಮ ರಾಜ್ಯ ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂದು ನಿಯಮ ಮಾಡಿ, ಪಾಲಕರ ಒತ್ತಡಕ್ಕೆ 2025-26ನೇ ಸಾಲಿಗೆ 5 ವರ್ಷ 5 ತಿಂಗಳಿಗೆ ಸಡಿಲಿಸಿತು. ‘ನಮ್ಮ ಮಗು ಒಂದು ವರ್ಷ ಹಿಂದೆ ಬೀಳುತ್ತದೆ’ ಎಂದು ಆಗ ಗದ್ದಲ ಮಾಡಿದವರಲ್ಲಿ ಎಷ್ಟು ಮಂದಿಗೆ, ‘ನಿಮ್ಮ ಮಗು ಕೂತಲ್ಲಿ ಕೂರಲ್ಲ, ತೋರಿಸಿ’ ಎಂಬ ಚೀಟಿ ಶಾಲೆಯ ಡೈರಿಯಲ್ಲಿ ಬರಲಿದೆಯೋ. ಅತಿಯಾಗಿ ಹೆಸರಿಡುವುದಕ್ಕೆ ಉತ್ತರ, ಹೆಚ್ಚು ಹೊತ್ತು ಕೂತು ನೋಡುವ ತಜ್ಞರು. ಹೆಸರಿಡುವುದನ್ನೇ ಗೇಲಿ ಮಾಡಿದರೆ ನಿಜವಾಗಿ ತೊಂದರೆಯಿರುವ ಮಗುವೇ ಮೊದಲು ಸೋಲುತ್ತದೆ.

ಪಿಡುಗಿನ ಕಥೆ ಹೇಳುವವರಿಗೆ ಆ ಕಥೆಗೆ ಹೆತ್ತವರು ತೆರುವ ಬೆಲೆ ಗೊತ್ತಿಲ್ಲ. ಪಿಡುಗು ಎಂದ ಮೇಲೆ ಮದ್ದು ಮಾರುವವರು ಬರಲೇಬೇಕು. ಗೋಧಿ ಬಿಡಿಸುವವರು, ಹಾಲು ಬಿಡಿಸುವವರು, ಮೈಯಿಂದ ಲೋಹ ತೆಗೆಯುತ್ತೇವೆ ಎನ್ನುವವರು, ಲಕ್ಷಗಟ್ಟಲೆ ಕಿತ್ತು ‘ಸ್ಟೆಮ್ ಸೆಲ್’ ಚುಚ್ಚುವವರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ, ರಕ್ತಕ್ಕೆ ಸಂಬಂಧಿಸಿದ ಕೆಲವು ಕಾಯಿಲೆಗಳ ಹೊರತು ಬೇರೆ ಯಾವುದಕ್ಕೂ ಸ್ಟೆಮ್ ಸೆಲ್ ಅನ್ನು ಚಿಕಿತ್ಸೆಯೆಂದು ಒಪ್ಪಿಲ್ಲ. ಆದರೂ ಜಮೀನು ಮಾರಿ ದುಡ್ಡು ಹೊಂದಿಸಿದ ಅಪ್ಪಂದಿರಿದ್ದಾರೆ. ಮಾತಿನ ತರಬೇತಿಗೆ, ವಿಶೇಷ ಶಿಕ್ಷಕರಿಗೆ, ಆ ಮಗುವಿನ ಹೆಸರಿನಲ್ಲಿ ಒಂದು ಠೇವಣಿಗೆ ಹೋಗಬೇಕಿದ್ದ ಹಣ ಅದು.

ಸರ್ಕಾರವನ್ನು ಕೇಳಬೇಕಾದ್ದೂ ಇದೆ. 2016ರ ಕಾಯ್ದೆಯ 21 ವೈಕಲ್ಯಗಳಲ್ಲಿ ಎಡಿಎಚ್‌ಡಿ ಇಲ್ಲ. ಹಾಗಾಗಿ ಬರೀ ಎಡಿಎಚ್‌ಡಿ ಇರುವ ಮಗುವಿಗೆ ಆ ಕಾಯ್ದೆಯ ಸರ್ಟಿಫಿಕೇಟೂ ಇಲ್ಲ, ಅದರ ಬಲದಿಂದ ಪರೀಕ್ಷೆಯಲ್ಲಿ ಸಿಗುವ ಹೆಚ್ಚುವರಿ ಸಮಯವೂ ಇಲ್ಲ. ‘ಎಲ್ಲರಿಗೂ ಎಡಿಎಚ್‌ಡಿ ಅಂತ ಬರೆದುಕೊಡ್ತಾರೆ’ ಎನ್ನುವವರು ಇದನ್ನು ಅರಿತಿರಲಿ.

ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಒಂದೂವರೆ ವರ್ಷದ ಮಗು ಹೆಸರು ಕೂಗಿದರೆ ತಿರುಗುತ್ತಿಲ್ಲ, ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಿಲ್ಲ ಎಂದಿಟ್ಟುಕೊಳ್ಳಿ. ‘ಅವರಪ್ಪನೂ ತಡವಾಗೇ ಮಾತಾಡಿದ್ದು’ ಎಂದು ಸಮಾಧಾನ ಹೇಳಬೇಡಿ. ‘ನೀನು ಮೊಬೈಲ್ ಕೊಟ್ಟೆಯಲ್ಲ’ ಎಂದು ಆ ತಾಯಿಯನ್ನು ಚುಚ್ಚಬೇಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಇಂಥ ಮಕ್ಕಳಿಗಾಗಿಯೇ ಡಿಇಐಸಿ ಎಂಬ ಕೇಂದ್ರಗಳನ್ನು ಜಿಲ್ಲಾ ಮಟ್ಟದಲ್ಲಿ ತೆರೆದಿದ್ದಾರೆ, ಅಲ್ಲಿ ತಪಾಸಣೆ ಉಚಿತ. ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ, ಬೆಂಗಳೂರಿನ ನಿಮ್ಹಾನ್ಸ್ ಇದೆ. ಆಶಾ ಕಾರ್ಯಕರ್ತೆಯನ್ನೋ ಅಂಗನವಾಡಿ ಟೀಚರನ್ನೋ ಕೇಳಿ, ಈ ವಾರವೇ ಮಗುವನ್ನು ಕರೆದುಕೊಂಡು ಹೋಗಿ.